ಲೀಗಿನ ಅರ್ಜಿಯೂ ಅಂಗಡಿಯ ಖಾತೆಯೂ



ಭೇರ್ಯದ ಅಕ್ಕಿ ವ್ಯಾಪಾರಿಯೊಬ್ಬರು ಇತ್ತೀಚೆಗೆ ಲೆಕ್ಕಪತ್ರಗಳೊಡನೆ ನನ್ನ ಕಚೇರಿಗೆ ಬಂದಾಗ, ಅಂಗಡಿಯ ಹೊಣೆ ಹೊತ್ತಿರುವ ಮಗನನ್ನೂ ಕರೆತಂದಿದ್ದರು. ಅಮೆರಿಕದಲ್ಲಿರುವ ಸೋದರತ್ತೆಯ ಮಗ ತನ್ನ ಫ್ಯಾಂಟಸಿ ಬೇಸ್‌ಬಾಲ್ ಲೀಗಿನಲ್ಲಿ ಒಂದು ಸ್ಥಾನ ತೆರವಾಗಿದೆಯೆಂದು ತಿಳಿಸಿ ಅರ್ಜಿ ಕಳುಹಿಸಿದ್ದನು. ಪ್ರವೇಶ ಶುಲ್ಕ ನೂರು ಡಾಲರ್; ಸೇರಿದ ಹಣದಲ್ಲಿ ಗೆದ್ದವರಿಗೆ ಪಾಲು. "ಸಾರ್, ಇದನ್ನು ಅಂಗಡಿಯ ಖಾತೆಯಿಂದ ಕಟ್ಟಬಹುದೇ?" ಎಂಬುದು ಯುವಕನ ಪ್ರಶ್ನೆ. ತಂದೆಯವರು ಮೌನವಾಗಿದ್ದರು.

ಆಟದ ಸ್ವರೂಪ

1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಅವರ ಮಿತ್ರರು ಈ ಬಗೆಯ ಲೀಗನ್ನು ರೂಪಿಸಿದರು. ಅವರು ಸೇರುತ್ತಿದ್ದ ಹೋಟೆಲಿನ ಹೆಸರಿನಿಂದ ಅದಕ್ಕೆ 'ರೊಟಿಸರಿ ಲೀಗ್' ಎಂಬ ಹೆಸರು ಬಂದಿತು. ರೂಢಿಯ ನಿಯಮದಂತೆ ಪ್ರತಿಯೊಬ್ಬ ಮಾಲೀಕನೂ 260 ಡಾಲರಿನ ಮಿತಿಯೊಳಗೆ 23 ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಹರಾಜನ್ನು ಕಂಡವರಿಗೆ ಇದು ಹೊಸತಲ್ಲ. ಮೊದಲ ಬೇಲುಗಳಿಗೇ ಕೈ ಸಡಿಲಿಸಿದವನಿಗೆ ಒಳ್ಳೆಯ ಮಾಲು ಬರುವ ವೇಳೆಗೆ ಹಣವಿರುವುದಿಲ್ಲ.

ಅರ್ಜಿಯಲ್ಲಿ ನನ್ನ ಗಮನ ಸೆಳೆದುದು ಒಂದು ಪ್ರಶ್ನೆ: ತಂಡ ಸೋಲುತ್ತಿದ್ದರೂ ಋತುವಿನ ಕೊನೆಯವರೆಗೆ ಅದನ್ನು ನೋಡಿಕೊಳ್ಳುವಿರಾ? ಅಮೆರಿಕದ ಪ್ರಧಾನ ಲೀಗಿನಲ್ಲಿ ಪ್ರತಿ ತಂಡಕ್ಕೆ 162 ಪಂದ್ಯಗಳಿದ್ದು, ಋತುವು ಸುಮಾರು ಆರು ತಿಂಗಳು ನಡೆಯುತ್ತದೆ. ನಡುವೆ ಒಬ್ಬ ಮಾಲೀಕ ಕೈಬಿಟ್ಟರೆ ಉಳಿದವರ ಸ್ಪರ್ಧೆಯೇ ಕೆಡುತ್ತದೆ. ಚೀಟಿ ಎತ್ತಿಕೊಂಡ ಬಳಿಕ ಕಂತು ನಿಲ್ಲಿಸುವ ಸದಸ್ಯನಿಂದ ಆಗುವ ಹಾನಿಯೇ ಇಲ್ಲಿಯೂ ಆಗುವುದು. ಆದುದರಿಂದ ಅವರು ಹಣಕ್ಕಿಂತ ಮೊದಲು ವ್ಯಕ್ತಿಯನ್ನು ಪರೀಕ್ಷಿಸುತ್ತಾರೆ.

ಕಾನೂನಿನ ಮಾತು

ಆದರೆ ಶುಲ್ಕದ ವಿಷಯದಲ್ಲಿ ನಾನು ಬೇಡವೆಂದೆನು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆಯ ಪ್ರಕಾರ, ಗೆಲುವಿನ ನಿರೀಕ್ಷೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟವು ಕೌಶಲದ್ದಾಗಲಿ ಅದೃಷ್ಟದ್ದಾಗಲಿ ಹಣದ ಆಟವೇ. ಅಂತಹ ಸೇವೆ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ವಿದೇಶದಿಂದ ನಡೆಸುವ ಸೇವೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. 2008ರಲ್ಲಿ ಸ್ಥಾಪಿತವಾದ ಡ್ರೀಮ್ ಇಲೆವೆನ್ ಸಂಸ್ಥೆಯು ತನ್ನ ಹಣದ ಸ್ಪರ್ಧೆಗಳನ್ನು ಆ ತಿಂಗಳಲ್ಲಿಯೇ ನಿಲ್ಲಿಸಿತು.

ಕಾಯಿದೆಯು ಆಡುವವನನ್ನು ದಂಡಿಸುವುದಿಲ್ಲ, ನಿಜ. ಬಂಧುಗಳ ಲೀಗು ಈ ವ್ಯಾಖ್ಯೆಯೊಳಗೆ ಬರುವುದೇ ಎಂದು ವಾದಿಸಲೂಬಹುದು. ಆದರೆ ವ್ಯಾಪಾರಿಯು ಇಂತಹ ವಾದಕ್ಕೆ ತನ್ನ ಬ್ಯಾಂಕ್ ಖಾತೆಯನ್ನು ಒಡ್ಡಬಾರದು. ಇದಲ್ಲದೆ, ವಿದೇಶಿ ವಿನಿಮಯದ 2000ದ ನಿಯಮಗಳು ಲಾಟರಿ ಟಿಕೆಟು, ಫುಟ್‌ಬಾಲ್ ಪೂಲ್ ಮುಂತಾದವುಗಳಿಗೆ ಹೊರದೇಶಕ್ಕೆ ಹಣ ಕಳುಹಿಸುವುದನ್ನು ನಿಷೇಧಿಸಿವೆ.

ಲೆಕ್ಕದ ಮಾತು

ಇನ್ನು ಅಂಗಡಿಯ ಖಾತೆ. ವ್ಯಾಪಾರದ ಉದ್ದೇಶಕ್ಕಲ್ಲದ ವೆಚ್ಚವನ್ನು ಲಾಭದಿಂದ ಕಳೆಯಲು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಹವ್ಯಾಸದ ಶುಲ್ಕ, ಅದು ಊರಿನ ಕ್ರೀಡಾ ಸಂಘದ್ದಾದರೂ, ಮಾಲೀಕರ ಸ್ವಂತ ಖರ್ಚು. ಅದನ್ನು ಡ್ರಾಯಿಂಗ್ಸ್ ಎಂದೇ ಬರೆಯಬೇಕು. ಮೊತ್ತ ಚಿಕ್ಕದಿರಬಹುದು. ಆದರೆ ಗಲ್ಲಾಪೆಟ್ಟಿಗೆಯ ಹಣಕ್ಕೂ ಕಿಸೆಯ ಹಣಕ್ಕೂ ನಡುವಣ ಗೋಡೆ ಬೀಳುವುದು ಚಿಕ್ಕ ಮೊತ್ತಗಳಿಂದಲೇ ಎಂಬುದು ನನ್ನ ವೃತ್ತಿಯಲ್ಲಿ ಕಂಡ ಸತ್ಯ.

ಶುಲ್ಕವೂ ಬಹುಮಾನದ ಹಣವೂ ಇಲ್ಲದ ಲೀಗುಗಳು ಬೇಕಾದಷ್ಟಿವೆ. ಅಂತಹುದಕ್ಕೆ ಅರ್ಜಿ ಹಾಕಲು ಅಡ್ಡಿಯಿಲ್ಲವೆಂದೆನು. ಯುವಕ ಒಪ್ಪಿದನು. ತನಗೆ ಅನುಭವವಿಲ್ಲ, ಆದರೆ ಕೊನೆಯ ದಿನದವರೆಗೂ ತಂಡವನ್ನು ಬಿಡುವುದಿಲ್ಲ ಎಂದು ಅಲ್ಲಿಯೇ ಕುಳಿತು ಬರೆದನು.

ಅಷ್ಟು ಹೊತ್ತು ಸುಮ್ಮನಿದ್ದ ತಂದೆ ಆ ಅರ್ಜಿಯನ್ನು ಮಗನಿಂದ ಓದಿಸಿ ಕೇಳಿ, "ಸಾಲಕ್ಕೆ ಮಾಲು ಕೊಡುವ ಮುನ್ನ ನಾವೂ ಇದನ್ನೇ ಕೇಳಬೇಕಿತ್ತು ಸ್ವಾಮಿ" ಎಂದರು. ಆ ವರ್ಷ ಅವರ ಪುಸ್ತಕದಲ್ಲಿ ವಸೂಲಾಗದ ಬಾಕಿಯ ಪಟ್ಟಿ ಉದ್ದವಿತ್ತು. ಪಾಲುದಾರನನ್ನಾಗಲಿ, ಉದ್ರಿ ಗಿರಾಕಿಯನ್ನಾಗಲಿ ಸೇರಿಸಿಕೊಳ್ಳುವ ಮೊದಲು, ನಷ್ಟದ ದಿನದಲ್ಲಿಯೂ ನಿಲ್ಲುವವನೇ ಎಂದು ವಿಚಾರಿಸುವುದು ನಮ್ಮೆಲ್ಲರಿಗೂ ಹಿತವೆಂದು ನನ್ನ ನಮ್ರ ಸಲಹೆ.