ಕಾಲ್ಚೆಂಡಿನ ಜಗತ್ತೂ ನಮ್ಮ ನಾಲ್ಕು ಊರುಗಳೂ

ಕಾಲ್ಚೆಂಡಾಟದ ವಿಶ್ವಕಪ್ ಪಂದ್ಯಗಳು ನಡೆಯುವ ವರ್ಷ ಬಂದಿತೆಂದರೆ ಹಾಸನದ ಕಾಫಿ ಹೋಟೆಲುಗಳಲ್ಲಿ ಒಂದು ವಿಚಿತ್ರವಾದ ರಾಯಭಾರವು ಆರಂಭವಾಗುವುದು. ಸಮುದ್ರವನ್ನೇ ದಾಟದ ತರುಣರು ಅರ್ಜೆಂಟೀನದ ವಕಾಲತ್ತು ವಹಿಸುವರು; ಹೊಳೆನರಸೀಪುರದಿಂದ ಕಛೇರಿಯ ಕೆಲಸಕ್ಕೆ ಬಂದ ಗುಮಾಸ್ತರು ಬ್ರೆಜಿಲಿನ ಮಾನವನ್ನು ಕಾಯುವರು; ಕೊಲ್ಲಿಯ ದೇಶಗಳಿಂದ ರಜೆಗೆ ಬಂದ ಚನ್ನರಾಯಪಟ್ಟಣದವರೂ, ಅಮೆರಿಕದಲ್ಲಿ ಮಗನನ್ನು ಉಳ್ಳ ನಿವೃತ್ತ ಉಪಾಧ್ಯಾಯರೂ ತಮತಮಗೆ ತಿಳಿದ ದೇಶದ ಸಾಕ್ಷ್ಯವನ್ನು ಮುಂದಿಡುವರು. ಕಡೆಗೆ ಯಾರಾದರೊಬ್ಬರು, “ನಿಮ್ಮ ಕಾಲ್ಚೆಂಡು ಹಾಗಿರಲಿ ಸ್ವಾಮಿ, ನಮ್ಮ ಕ್ರಿಕೆಟ್ಟಿನ ಮುಂದೆ ಅದೇನು?” ಎಂದು ಕೇಳಿದೊಡನೆ ಲೋಟದ ಕಾಫಿ ಆರಿ, ಮಾತು ಬಿಸಿಯೇರುವುದು. ಕಾಲ್ಚೆಂಡು ನಿಜವಾಗಿಯೂ ಜಗತ್ತಿನ ಆಟವೇ? ಈ ಪ್ರಶ್ನೆಯನ್ನು ಹೊತ್ತು ಕಳೆಯುವವರ ವಿನೋದವೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ.

ನಾನಾ ದೇಶಗಳ ಅಭಿಮಾನಿಗಳಲ್ಲಿ ಈ ವ್ಯಾಜ್ಯವು ಹೆಸರಿನಿಂದಲೇ ಮೊದಲಾಗುವುದು. ಅಮೆರಿಕದವನು “ಸಾಕರ್” ಎಂದರೆ ಇಂಗ್ಲೆಂಡಿನವನು ಮೂಗು ಮುರಿಯುವನು. ಆದರೆ ಆ ಪದದ ತವರು ಇಂಗ್ಲೆಂಡೇ. 1863ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಫುಟ್‌ಬಾಲ್ ಅಸೋಸಿಯೇಷನ್ನಿನ ನಿಯಮಗಳಂತೆ ಆಡುವ ಆಟಕ್ಕೆ ಅಲ್ಲಿನ ವಿದ್ಯಾರ್ಥಿಗಳು “ಅಸೋಸಿಯೇಷನ್” ಎಂಬುದನ್ನೇ ಮೊಟಕುಮಾಡಿ ಇಟ್ಟ ಅಡ್ಡಹೆಸರು ಅದು. ಅಮೆರಿಕದವರೂ ಆಸ್ಟ್ರೇಲಿಯದವರೂ “ಫುಟ್‌ಬಾಲ್” ಎಂಬ ಹೆಸರನ್ನು ತಮ್ಮ ತಮ್ಮ ಬೇರೊಂದು ಆಟಕ್ಕೆ ಕೊಟ್ಟುಕೊಂಡಿದ್ದುದರಿಂದ ಅವರಲ್ಲಿ ಈ ಅಡ್ಡಹೆಸರೇ ನಿಂತಿತು. ತೊಂಬತ್ತು ನಿಮಿಷ ಓಡಿ ಒಂದು ಗೋಲೂ ಇಲ್ಲದೆ ಮನೆಗೆ ಹೋಗುವುದು ಎಂತಹ ಆಟವೆಂದು ಅಮೆರಿಕದವನು ಕೇಳುವನು. ತನ್ನ ದೇಶದ ತಂಡಗಳೂ ಕೆನಡಾದ ಒಂದು ತಂಡವೂ ಮಾತ್ರ ಸೇರುವ ಬೇಸ್‌ಬಾಲ್ ಪಂದ್ಯಾವಳಿಗೆ “ವಿಶ್ವ ಸರಣಿ” ಎಂದು ಹೆಸರಿಟ್ಟವನು ಜಗತ್ತಿನ ಮಾತನ್ನು ಆಡಬಹುದೇ ಎಂದು ಯೂರೋಪಿನವನು ಹಂಗಿಸುವನು. ಅಮೆರಿಕದವನೂ ಸುಮ್ಮನಿರುವುದಿಲ್ಲ, 1950ರಲ್ಲಿ ಬ್ರೆಜಿಲಿನ ಬೆಲೊ ಹೊರಿಜಾಂಟೆಯಲ್ಲಿ ತನ್ನವರು ಇಂಗ್ಲೆಂಡನ್ನು 1-0ರಿಂದ ಸೋಲಿಸಿದುದನ್ನೂ, ತನ್ನ ದೇಶದ ಹೆಂಗಸರು 1991, 1999, 2015, 2019ರಲ್ಲಿ ವಿಶ್ವಕಪ್ಪನ್ನು ಗೆದ್ದುದನ್ನೂ ನೆನಪಿಸುವನು. ಈ ಕೊನೆಯ ಮಾತಿಗೆ ಯೂರೋಪಿನವನು ಬಹುಕಾಲ ಕಿವಿಗೊಡಲಿಲ್ಲವೆಂಬುದು ಅವನಿಗೆ ಭೂಷಣವಲ್ಲ.

ಲೆಕ್ಕದ ಮಾತಿಗೆ ಬಂದರೆ, ಪ್ರತಿಯೊಬ್ಬನೂ ತನ್ನ ಮನೆಯ ಕೊಳಗದಿಂದಲೇ ಊರ ರಾಗಿಯನ್ನೆಲ್ಲ ಅಳೆಯುವನು. ಕಾಲ್ಚೆಂಡಿನ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾದಲ್ಲಿ 211 ಸದಸ್ಯ ಸಂಘಗಳಿರುವುವು. ವಿಶ್ವಸಂಸ್ಥೆಯಲ್ಲಿರುವ ರಾಷ್ಟ್ರಗಳೇ 193. ಕ್ರಿಕೆಟ್ಟಿನಲ್ಲಿ ಪೂರ್ಣ ಸದಸ್ಯರು 12 ಮಾತ್ರ. 2023ರ ಏಕದಿನ ವಿಶ್ವಕಪ್ಪಿನಲ್ಲಿ ಆಡಿದ ತಂಡಗಳು 10. ಇದನ್ನು ಕೇಳಿದ ಕ್ರಿಕೆಟ್ ಪಕ್ಷದವರು ದೇಶಗಳನ್ನು ಎಣಿಸುವುದನ್ನು ಬಿಟ್ಟು ತಲೆಗಳನ್ನು ಎಣಿಸತೊಡಗುವರು: ನಮ್ಮದೊಂದೇ ದೇಶದ ಪ್ರೇಕ್ಷಕರು ಎಷ್ಟು ರಾಜ್ಯಗಳಿಗೆ ಸಮವೆಂದು. ಪ್ರತಿಪಕ್ಷದವರು 2022ರ ಅಂತಿಮ ಪಂದ್ಯವನ್ನು ಸುಮಾರು 150 ಕೋಟಿ ಜನ ನೋಡಿದರೆಂಬ ಫಿಫಾದ ಹೇಳಿಕೆಯನ್ನು ಹಿಡಿದು ಬರುವರು. ತನ್ನ ಸರಕಿನ ತೂಕವನ್ನು ತಾನೇ ಹೇಳುವ ವರ್ತಕನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬತಕ್ಕದ್ದು.

ನಮ್ಮ ಜಿಲ್ಲೆಯದೇ ಒಂದು ನಿದರ್ಶನವನ್ನು ನೋಡೋಣ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಊರಿನ ಹೆಸರನ್ನು ಹೊತ್ತ ಶ್ರೀನಾಥರು ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ಟುಗಳನ್ನು ಪಡೆದರು. ಅವರಿಂದ ಆ ಊರಿನ ಹೆಸರು ಮೆಲ್ಬರ್ನಿನಲ್ಲಿಯೂ ಜೊಹಾನ್ಸ್‌ಬರ್ಗಿನಲ್ಲಿಯೂ ಬಾರ್ಬಡೋಸಿನಲ್ಲಿಯೂ ಪರಿಚಿತವಾಯಿತು. ಆದರೆ ಬ್ಯೂನಸ್ ಐರಿಸ್ಸಿನಲ್ಲಿ, ಕೈರೋದಲ್ಲಿ, ಸಿಯೋಲಿನಲ್ಲಿ ಅದನ್ನು ಬಲ್ಲವರು ದುರ್ಲಭ. ಕ್ರಿಕೆಟ್ಟಿನ ಜಗತ್ತು ಎಲ್ಲಿಗೆ ಮುಗಿಯುವುದೆಂಬುದನ್ನು ಜಾವಗಲ್ಲಿನ ಕೀರ್ತಿಯೇ ಗೆರೆ ಎಳೆದು ತೋರಿಸುವುದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ಟನ್ನು ಸೇರಿಸಲು 2023ರಲ್ಲಿ ಮುಂಬಯಿಯಲ್ಲಿ ತೀರ್ಮಾನವಾದುದು ಆ ಗೆರೆಯನ್ನು ದಾಟುವ ಪ್ರಯತ್ನವೇ ಸರಿ.

ಇದರಿಂದ ಕಾಲ್ಚೆಂಡಿನ ಪಕ್ಷವು ಗೆದ್ದಿತೆಂದು ನಮ್ಮ ಹಾಸನದ ಅರ್ಜೆಂಟೀನದವರು ಬೀಗಬೇಕಾದುದಿಲ್ಲ. ಅವರ ಹೆಮ್ಮೆ ಎರವಲು ಒಡವೆ. ಎರವಲಿನ ಪ್ರೀತಿಯೂ ಫಲ ಕೊಡುವುದುಂಟು. ಕೋಳಿಕೋಡಿನ ಬಳಿ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿಯ ಎತ್ತರದ ಚಿತ್ರವನ್ನು ನಿಲ್ಲಿಸಿದವರ ಸುದ್ದಿ 2022ರಲ್ಲಿ ದೇಶಾಂತರಗಳಿಗೆ ಹೋಯಿತು, ಬಾಂಗ್ಲಾದೇಶದ ಜನ ಅದೇ ವರ್ಷ ಮೆರೆಸಿದ ಅಭಿಮಾನದ ಬೆನ್ನಿಗೆ ಅರ್ಜೆಂಟೀನವು 1978ರಲ್ಲಿ ಮುಚ್ಚಿದ್ದ ತನ್ನ ರಾಯಭಾರ ಕಛೇರಿಯನ್ನು 2023ರಲ್ಲಿ ಢಾಕಾದಲ್ಲಿ ಮತ್ತೆ ತೆರೆಯಿತು. ಸಂತೋಷವೇ. ಆದರೆ ಮೈದಾನದಲ್ಲಿ ನಮ್ಮವರೆಲ್ಲಿ?

ನಮ್ಮವರು ಇದ್ದ ಕಾಲವೊಂದಿತ್ತು. 1946-47ರಲ್ಲಿ ಮೈಸೂರು ಸಂಸ್ಥಾನದ ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ತಂಡವು ಬಹುಪಾಲು ಬರಿಗಾಲಿನಲ್ಲಿಯೇ ಇಳಿದಾಗ, ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಎಸ್. ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯುವ ವೇಳೆಗೆ ಫ್ರಾನ್ಸ್ 2-1ರಿಂದ ಗೆದ್ದಿತು. 1950ರಲ್ಲಿ ವಿಶ್ವಕಪ್ಪಿನ ಬಾಗಿಲೇ ತೆರೆದಿದ್ದರೂ ನಾವು ಹೋಗಲಿಲ್ಲ. ಬರಿಗಾಲಿನ ಆಟವನ್ನು ನಿಷೇಧಿಸಿದರೆಂಬ ಕಥೆಯನ್ನು ನಮ್ಮ ಜನ ಇಂದಿಗೂ ಅಭಿಮಾನದಿಂದ ಹೇಳುವರು. ಅಂದು ಅಧಿಕೃತವಾಗಿ ಕೊಟ್ಟ ಕಾರಣವು ಅಭ್ಯಾಸಕ್ಕೆ ಕಾಲ ಸಾಲದೆಂಬುದೂ ಆಟಗಾರರ ಆಯ್ಕೆಯ ಭಿನ್ನಾಭಿಪ್ರಾಯವೂ ಆಗಿತ್ತು. ಎರಡು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯವು ನಮ್ಮನ್ನು 10-1ರಿಂದ ಬಡಿಯಿತು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. 1956ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ, 1962ರಲ್ಲಿ ಜಕಾರ್ತದಲ್ಲಿ ಏಷ್ಯಾದ ಚಿನ್ನ. ಅಲ್ಲಿಂದಾಚೆಗೆ ಹೇಳಿಕೊಳ್ಳುವಂತಹುದು ವಿರಳ. ಕರ್ನಾಟಕವು ಮತ್ತೆ ಸಂತೋಷ್ ಟ್ರೋಫಿಯನ್ನು ಕಂಡುದು 54 ವರ್ಷಗಳ ಮೇಲೆ, 2023ರ ಮಾರ್ಚಿಯಲ್ಲಿ, ಅದೂ ದೂರದ ರಿಯಾದಿನಲ್ಲಿ.

ಜನಸಂಖ್ಯೆಯ ನೆಪವನ್ನೂ ನಾವು ಹೇಳುವಂತಿಲ್ಲ. 1930ರಲ್ಲಿಯೂ 1950ರಲ್ಲಿಯೂ ವಿಶ್ವಕಪ್ಪನ್ನು ಗೆದ್ದ ಉರುಗ್ವೆ ದೇಶದ ಜನ ಇಂದಿಗೂ ಸುಮಾರು 34 ಲಕ್ಷ. 2011ರ ಗಣತಿಯ ಹಾಸನ ಜಿಲ್ಲೆಯ ಎರಡರಷ್ಟು. 2025ರ ನವೆಂಬರಿನಲ್ಲಿ ವಿಶ್ವಕಪ್ಪಿಗೆ ಅರ್ಹತೆ ಪಡೆದ ಕುರಸಾವೊ ಎಂಬ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ; ಹೆಚ್ಚುಕಡಿಮೆ ನಮ್ಮ ಹಾಸನ ಪಟ್ಟಣವೊಂದರಷ್ಟು. ಆ ದ್ವೀಪದ ಆಟಗಾರರಲ್ಲಿ ಬಹುಮಂದಿ ನೆದರ್‌ಲೆಂಡ್ಸಿನಲ್ಲಿ ಹುಟ್ಟಿ ಬೆಳೆದವರೆಂದು ಆಕ್ಷೇಪಿಸುವವರುಂಟು. ನಿಜ. ಹಾಗಾದರೆ ಅವರನ್ನು ಬೆಳೆಸಿದುದು ಅಲ್ಲಿನ ಮೈದಾನಗಳೆಂದಾಯಿತು; ನಾವು ಹೇಳಹೊರಟಿದ್ದುದೂ ಅದನ್ನೇ.

ನಮ್ಮ ನಾಲ್ಕು ಊರುಗಳ ಮೈದಾನಗಳನ್ನು ಸಂಜೆ ಹೊತ್ತು ನೋಡಿದವರಿಗೆ ಗೊತ್ತು: ಒಂದರ ಮೇಲೊಂದು ಹಾಸಿದಂತೆ ಐದಾರು ಕ್ರಿಕೆಟ್ ಆಟಗಳು, ಮೂಲೆಯಲ್ಲಿ ಒಂದು ವಾಲಿಬಾಲ್ ಬಲೆ. ಕ್ರಿಕೆಟ್ಟಿನ ಮೇಲೆ ನಮಗೆ ಹಗೆಯಿಲ್ಲ. ಆದರೆ ಆಷಾಢದ ಜಡಿಮಳೆ ಹಿಡಿಯಿತೆಂದರೆ ಅರಕಲಗೂಡಿನ ಪಡುವಣ ಹೋಬಳಿಗಳಲ್ಲಿ ಆ ಆಟವು ವಾರಗಟ್ಟಲೆ ನಿಲ್ಲುವುದು. ಹುಡುಗರು ಜಗಲಿಯಲ್ಲಿ ಕುಳಿತು ಮಳೆಯನ್ನೂ ಕೈಯಲ್ಲಿನ ಫೋನನ್ನೂ ನೋಡುವರು. ಅದೇ ಮಳೆಯಲ್ಲಿ ಮಲಬಾರಿನ ಮಕ್ಕಳು ಕೆಸರಿನಲ್ಲಿ ಚೆಂಡನ್ನು ಒದೆಯುತ್ತಿರುವರು. ಒಂದು ಚೆಂಡಿಗೆ ಇಪ್ಪತ್ತೆರಡು ಮಂದಿ ಆಡಬಹುದಾದ ಆಟ ಇದು. ಬಡವರ ಮಕ್ಕಳಿಗೆ ಇದಕ್ಕಿಂತ ಅಗ್ಗದ ಆಟವು ಕಬಡ್ಡಿಯೊಂದೇ.

ಶಾಲೆಯ ಬಯಲಿನಲ್ಲಿ ಹೊಸ ಕೊಠಡಿಗೆ ಜಾಗ ಗುರುತಿಸುವ ಅಧಿಕಾರಿಗಳೂ, ಅದೇ ಬಯಲನ್ನು ಸಭೆ ಸಮಾರಂಭಗಳಿಗೆ ಬೇಡುವ ಪುರಜನರೂ ಈ ಪತ್ರಿಕೆಯ ವಾಚಕರೇ ಆಗಿರುವರು. ಕಾಲ್ಚೆಂಡಿನ ಜಾಗತಿಕ ಸ್ಥಾನವನ್ನು ಕುರಿತು ಇವರೆಲ್ಲರಿಗೂ ದೃಢವಾದ ಅಭಿಪ್ರಾಯಗಳಿರುವುದನ್ನು ನಾವು ಬಲ್ಲೆವು. ಮುಂಗಾರು ಹಿಡಿಯುವುದರೊಳಗೆ ನಾಲ್ಕೂ ಊರುಗಳಲ್ಲಿ ಒಂದೊಂದು ಬಯಲನ್ನು ಈ ಆಟಕ್ಕೆ ಬಿಡಿಸಿಕೊಟ್ಟರೆ ಸಾಕು. ಬೇಕಾದುದು ಗೋಲಿಗೆ ನಾಲ್ಕು ಗಟ್ಟಿ ಗಳುಗಳು, ಎರಡು ಚೆಂಡುಗಳು, ಸಂಜೆ ಐದರ ಮೇಲೆ ಬೀಗ ಹಾಕದ ಒಂದು ಬಾಗಿಲು.