ಗೆರೆಯ ಹೊರಗೆ ಉಳಿದದ್ದು: ಬಹುಭುಜ ಮಾಸ್ಕಿಂಗ್ ಮತ್ತು ಸಡಾದ ನಕ್ಷೆ

ಸ್ಕ್ರೀನ್ ಕಾಣಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ.

ಚಿತ್ರವೊಂದರಲ್ಲಿ ಬಹುಭುಜದ ಒಳಭಾಗ ಮಾತ್ರ ಕಾಣಬೇಕು, ಹೊರಗಿನದು ಮುಚ್ಚಬೇಕು. ಕೋಡ್‌ನಲ್ಲಿ ಇದಕ್ಕೆ ಮಾಸ್ಕಿಂಗ್ ಅಂತೀವಿ. ಉದಾಹರಣೆಗೆ ಗೋವಾದ ಸಡಾ ತಗೊಳ್ಳೋಣ. ಇದು ಮುರಗಾಂವ್ ಬಂದರಿನ ಮೇಲಿರುವ ಗುಡ್ಡ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪಕ್ಕದಲ್ಲೇ ಬೈನಾ. ಕರ್ನಾಟಕದಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು ಈ ಭಾಗದಲ್ಲಿವೆ. ಉಪಗ್ರಹ ಚಿತ್ರದಿಂದ ಸಡಾವನ್ನಷ್ಟೇ ಕತ್ತರಿಸಿ ತೋರಿಸಬೇಕು ಅಂತಿಟ್ಟುಕೊಳ್ಳಿ.

ಎರಡು ದಾರಿಗಳಿವೆ. ಒಂದು, ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ಮೊದಲು ಬಹುಭುಜದ ಗೆರೆ ಎಳೆದು, ‘ಕ್ಲಿಪ್’ ಕರೆದು, ಆಮೇಲೆ ಚಿತ್ರ ಬಿಡಿಸುವುದು. ಈ ಕ್ರಮ ತಪ್ಪಿದರೆ ಏನೂ ಮುಚ್ಚುವುದಿಲ್ಲ. ಕ್ಲಿಪ್‌ಗೆ ಮೊದಲು ‘ಸೇವ್’, ಕೆಲಸ ಮುಗಿದ ಮೇಲೆ ‘ರಿಸ್ಟೋರ್’ ಬೇಕು. ಇಲ್ಲದಿದ್ದರೆ ಮುಂದೆ ಬರೆಯುವ ಊರಿನ ಹೆಸರೂ ಕತ್ತರಿಸಿಹೋಗುತ್ತೆ. ಎರಡನೆಯದು, ಇಡೀ ಚಿತ್ರ ಬಿಡಿಸಿ, ಅದರ ಮೇಲೆ ದೊಡ್ಡ ಆಯತವನ್ನೂ ಬಹುಭುಜವನ್ನೂ ಒಂದೇ ಪಥದಲ್ಲಿ ಸೇರಿಸಿ, ‘ಇವನ್‌ಆಡ್’ ನಿಯಮದಲ್ಲಿ ಬಣ್ಣ ತುಂಬುವುದು. ಬಿಂದುವಿನಿಂದ ಹೊರಟ ರೇಖೆ ಅಂಚುಗಳನ್ನು ಬೆಸ ಸಲ ದಾಟಿದರೆ ಬಣ್ಣ ಬೀಳುತ್ತೆ, ಸಮ ಸಲ ದಾಟಿದರೆ ಇಲ್ಲ. ಹಾಗಾಗಿ ಬಹುಭುಜ ಕಿಟಕಿಯಂತೆ ತೆರೆದಿರುತ್ತೆ.

ಒಂದು ಎಚ್ಚರಿಕೆ. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಸಡಾ ಸುಮಾರು 73.8, 15.4. ಅದಲುಬದಲಾದರೆ ನಿಮ್ಮ ಬಹುಭುಜ ನಾರ್ವೆಯ ಉತ್ತರದ ಸಮುದ್ರಕ್ಕೆ ಬೀಳುತ್ತೆ, ಚಿತ್ರವೆಲ್ಲ ಖಾಲಿ.

ಈ ತಪ್ಪು ಕಣ್ಣಿಗೆ ಕಾಣುತ್ತೆ. ಕಾಣದ ತಪ್ಪು ಅಂಚಿನಲ್ಲಿದೆ. ಸೆಂಟಿನೆಲ್-2 ಉಪಗ್ರಹದ ಅತಿ ಸ್ಪಷ್ಟ ಪಟ್ಟಿಗಳಲ್ಲೂ ಒಂದು ಪಿಕ್ಸೆಲ್ ಅಂದ್ರೆ 10 ಮೀಟರ್ ಉದ್ದ, 10 ಮೀಟರ್ ಅಗಲ, 100 ಚದರ ಮೀಟರ್ ನೆಲ. ಪೈಥಾನ್‌ನ ರಾಸ್ಟೀರಿಯೋದಲ್ಲಿ ನಾವು ಏನೂ ಹೇಳದಿದ್ದರೆ, ಪಿಕ್ಸೆಲ್‌ನ ಕೇಂದ್ರ ಬಹುಭುಜದೊಳಗಿದ್ದರೆ ಮಾತ್ರ ಅದು ಉಳಿಯುತ್ತೆ. 30 ಚದರ ಮೀಟರ್‌ನ ಸಣ್ಣ ಮನೆ ಗೆರೆಯ ಒಳಗೇ ಇದ್ದರೂ, ಅದಿರುವ ಪಿಕ್ಸೆಲ್‌ನ ಕೇಂದ್ರ ಹೊರಗಿದ್ದರೆ ಮನೆ ನಕ್ಷೆಯಲ್ಲಿಲ್ಲ. ‘ಆಲ್ ಟಚ್ಡ್’ ಆಯ್ಕೆ ಹಾಕಿದರೆ ಗೆರೆ ತಾಗಿದ ಎಲ್ಲ ಪಿಕ್ಸೆಲ್‌ಗಳೂ ಉಳಿಯುತ್ತವೆ. ಆದರೆ ಆಚೆಯ ಒಂದಿಷ್ಟು ಸಮುದ್ರವೂ ಲೆಕ್ಕಕ್ಕೆ ಸೇರುತ್ತೆ. ಗುಡ್ಡದ ಇಳಿಜಾರಿನಲ್ಲಿ, ದಡದ ಹತ್ತಿರ ಇರುವವರು ಸಾಮಾನ್ಯವಾಗಿ ಬಡವರೇ. ಕುಸಿತದ ಅಪಾಯದ ನಕ್ಷೆ ಮಾಡುವಾಗ ಮೊದಲು ಅಳಿಸಿಹೋಗುವವರೂ ಅವರೇ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಲೆಕ್ಕಕ್ಕೆ ಯಾವ ಅಂಚಿನ ನಿಯಮ ಬಳಸಿದಿರಿ ಅಂತ ನಕ್ಷೆಯ ಕೆಳಗೆ ಬರೆಯಿರಿ. ತೋರಿಸುವಾಗ ಹೊರಭಾಗಕ್ಕೆ ಗಟ್ಟಿ ಬಿಳಿ ಬಳಿಯಬೇಡಿ. ಎರಡನೆಯ ದಾರಿಯಲ್ಲಿ ಅರೆಪಾರದರ್ಶಕ ಬಣ್ಣ ತುಂಬಿ, ಮಸುಕಾಗಿಯಾದರೂ ಕಾಣಲಿ. ಗೆರೆಯ ಆಚೆಗೂ ಊರಿದೆ ಅನ್ನೋದು ಓದುಗನಿಗೆ ಗೊತ್ತಾಗಬೇಕು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.