ಅಜ್ಜನ ತೋಟಾ: ಹಾರಿಸುವುದೋ, ಬಿಚ್ಚುವುದೋ?

ಅಮೆರಿಕದ ಹಳ್ಳಿಗಾಡಿನಲ್ಲಿ ಹಿರಿಯ ಬೇಟೆಗಾರನೊಬ್ಬ ತೀರಿಕೊಂಡರೆ ಮಕ್ಕಳು ಮೊಮ್ಮಕ್ಕಳ ಪಾಲಿಗೆ ಬರುವುದು ಮನೆ, ಜಮೀನು, ಬ್ಯಾಂಕಿನ ಹಣ ಮಾತ್ರವಲ್ಲ. ಅವನ ರೈಫಲ್ ಬರುತ್ತದೆ. ಗ್ಯಾರೇಜಿನ ಮೂಲೆಯ ಮೇಜು, ಅದಕ್ಕೆ ಬಿಗಿದ ಕಬ್ಬಿಣದ ಪ್ರೆಸ್ಸು, ಪುಟ್ಟ ತಕ್ಕಡಿ ಬರುತ್ತವೆ. ಜೊತೆಗೆ ಅವನೇ ಕೂತು ತುಂಬಿದ ತೋಟಾಗಳ ಡಬ್ಬಿಗಳೂ ಬರುತ್ತವೆ. ಕೆಲವು ಡಬ್ಬಿಗಳ ಮೇಲೆ ಯಾವ ಮದ್ದು, ಎಷ್ಟು ತೂಕ, ಯಾವ ಗುಂಡು ಎಂದು ಬರೆದ ಚೀಟಿ ಇರುತ್ತದೆ. ಕೆಲವುಗಳ ಮೇಲೆ ಏನೂ ಇರುವುದಿಲ್ಲ. ತೋಟಾಗಳು ಮಾತ್ರ ನಿನ್ನೆ ಮಾಡಿದಂತೆ ಫಳಫಳ ಹೊಳೆಯುತ್ತಿರುತ್ತವೆ.

ಇವನ್ನು ಹಾರಿಸಬಹುದೇ? ಅನುಭವಸ್ಥರಲ್ಲಿ ಇದಕ್ಕೆ ಹಳೆಯದೊಂದು ಉತ್ತರವಿದೆ: ಬೇರೆಯವರು ತುಂಬಿದ ತೋಟಾ ನಿನ್ನ ಕೋವಿಗೆ ಬೇಡ. ಅಪರಿಚಿತನ ವಿಷಯದಲ್ಲಿ ಈ ಮಾತನ್ನು ಪಾಲಿಸುವುದು ಸುಲಭ. ಆದರೆ ತುಂಬಿದವನು ಹೆತ್ತ ತಂದೆಯೋ, ಬೇಟೆ ಕಲಿಸಿದ ಅಜ್ಜನೋ ಆದಾಗ ತೋಟಾ ಬಿಚ್ಚುವುದೆಂದರೆ ಅವನ ಕೈಗುಣವನ್ನೇ ಶಂಕಿಸಿದಂತೆ ಎನಿಸುತ್ತದೆ. ಇಲ್ಲಿ ನಿಜವಾಗಿ ಶಂಕಿಸಬೇಕಾದದ್ದು ಏನನ್ನು ಎಂಬುದು ತಿಳಿದರೆ ಆ ಅಳುಕು ಕಡಿಮೆಯಾಗುತ್ತದೆ.

ನಾಲ್ಕು ಭಾಗಗಳ ಲೆಕ್ಕ

ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳು: ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಒಮ್ಮೆ ಹಾರಿಸಿದರೆ ಮೂರು ಮುಗಿಯುತ್ತವೆ, ಹಿತ್ತಾಳೆಯ ಕವಚ ಉಳಿಯುತ್ತದೆ. ಅದನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತುವುದೇ ಕೈತುಂಬುವಿಕೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದಲ್ಲಿ ಮಿಕ್ಕ ಮದ್ದನ್ನು ಕನ್ಸಾಸ್‌ನ ಬ್ರೂಸ್ ಹಾಜ್ಡನ್ ಎಂಬಾತ ಕೊಂಡು ಅಗ್ಗಕ್ಕೆ ಮಾರತೊಡಗಿದಾಗ ಈ ಹವ್ಯಾಸಕ್ಕೆ ದೊಡ್ಡ ಒತ್ತಾಸೆ ದೊರೆಯಿತು. ಹಣ ಉಳಿಸುವುದು ಒಂದು ಕಾರಣ. ತನ್ನ ರೈಫಲ್ಲಿಗೆ ಒಪ್ಪುವ ತೋಟಾವನ್ನು ತಾನೇ ಮಾಡಿಕೊಂಡೆನೆಂಬ ಹೆಮ್ಮೆ ಇನ್ನೊಂದು.

ಅಪಾಯ ಇರುವುದು ಮದ್ದಿನ ತೂಕದಲ್ಲಿ. ಅದನ್ನು ಅಳೆಯುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. 1906ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ, ಇಂದಿಗೂ ಬೇಟೆಗಾರರ ಅಚ್ಚುಮೆಚ್ಚಿನ ಥರ್ಟಿ-ಆಟ್-ಸಿಕ್ಸ್ ತೋಟಾದಲ್ಲಿ ಇರುವುದು ಸುಮಾರು 50 ಗ್ರೇನ್ ಮದ್ದು. ಇಷ್ಟೇ ಮದ್ದು ಉರಿದಾಗ ಏಳುವ ಒತ್ತಡದ ಮಿತಿ ಚದರ ಅಂಗುಲಕ್ಕೆ 60,000 ಪೌಂಡ್. ಕಾರಿನ ಟೈರಿನಲ್ಲಿರುವುದು ಸುಮಾರು 30. ಈ ಒತ್ತಡವನ್ನು ಹಿಡಿದಿಡುವ ಉಕ್ಕಿನ ಬೋಲ್ಟು ಹಾರಿಸುವವನ ಕೆನ್ನೆಯ ಪಕ್ಕದಲ್ಲೇ ಇರುತ್ತದೆ. ಮದ್ದು ಕೆಲವೇ ಗ್ರೇನ್ ಹೆಚ್ಚಾದರೂ, ಬೇಗ ಉರಿಯುವ ಬೇರೆ ಜಾತಿಯ ಮದ್ದು ಬಿದ್ದರೂ ರೈಫಲ್ ಸಿಡಿದು ಕಣ್ಣು, ಕೈ ಹೋಗಬಹುದು. ಮದ್ದೇ ಬೀಳದಿದ್ದರೆ ಇನ್ನೊಂದು ಬಗೆಯ ಅಪಾಯ. ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಎರಡನೇ ತೋಟಾ ಹಾರಿಸಿದರೆ ನಳಿಗೆ ಒಡೆಯುತ್ತದೆ.

ಚೀಟಿ ಇದ್ದರೆ ಸಾಕೇ? ಅದೂ ಪೂರ್ತಿ ಸಾಲದು. 4831 ಎಂಬ ಮದ್ದಿನ ಉದಾಹರಣೆ ನೋಡಬಹುದು. ಇದೇ ಸಂಖ್ಯೆಯ ಎರಡು ಮದ್ದುಗಳಿವೆ: ಹಾಜ್ಡನ್ ಹೆಸರಿನ ಎಚ್ 4831, ಮತ್ತು ಐಎಂಆರ್ 4831. ಎರಡನೆಯದು ಮೊದಲನೆಯದಕ್ಕಿಂತ ಬೇಗ ಉರಿಯುತ್ತದೆ. ಒಂದರ ತೂಕ ಇನ್ನೊಂದಕ್ಕೆ ಸಲ್ಲದು. ಅಜ್ಜ ಚೀಟಿಯಲ್ಲಿ ಬರೀ ‘4831’ ಎಂದು ಬರೆದಿದ್ದರೆ ಅವನಿಗೆ ಅದು ಸಾಕಿತ್ತು, ಓದುವ ಮೊಮ್ಮಗನಿಗೆ ಸಾಲದು. ಮೇಲಾಗಿ ಆ ತೂಕವನ್ನು ಅವನು ಸ್ವಲ್ಪ ಸ್ವಲ್ಪವೇ ಏರಿಸುತ್ತ ತನ್ನದೇ ರೈಫಲ್ಲಿನಲ್ಲಿ ಪರೀಕ್ಷಿಸಿರುತ್ತಾನೆ. ಅದೇ ಅಳತೆಯ ಇನ್ನೊಂದು ರೈಫಲ್ಲಿನಲ್ಲಿ ಅದೇ ತೋಟಾ ಮಿತಿ ದಾಟಬಹುದು.

ಮದ್ದಿಗೂ ಮುಪ್ಪು

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಅದರ ಮೂಲವಸ್ತು ನೈಟ್ರೋಸೆಲ್ಯುಲೋಸ್. ಇದು ತನ್ನಷ್ಟಕ್ಕೆ ನಿಧಾನವಾಗಿ ಕೊಳೆಯುತ್ತ ಆಮ್ಲದ ಅನಿಲಗಳನ್ನು ಬಿಡುತ್ತದೆ, ಆ ಅನಿಲಗಳೇ ಕೊಳೆತವನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಫ್ರೆಂಚ್ ನೌಕಾಪಡೆ ಇದಕ್ಕೆ ದೊಡ್ಡ ಬೆಲೆ ತೆತ್ತಿತು. 1907ರಲ್ಲಿ ಇಯೆನಾ, 1911ರಲ್ಲಿ ಲಿಬರ್ತೆ ಎಂಬ ಯುದ್ಧನೌಕೆಗಳು ತೂಲೋನ್ ಬಂದರಿನಲ್ಲೇ ಸ್ಫೋಟಗೊಂಡವು. ಮೊದಲನೆಯದರಲ್ಲಿ ನೂರಕ್ಕೂ, ಎರಡನೆಯದರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಮದ್ದೇ ಕಾರಣವೆಂದು ಬೆರಳು ತೋರಿಸಲಾಯಿತು. ಈಗಿನ ಮದ್ದುಗಳಲ್ಲಿ ಆ ಅನಿಲಗಳನ್ನು ಹೀರಿಕೊಳ್ಳಲು ಡೈಫಿನೈಲಮೀನ್‌ನಂಥ ರಾಸಾಯನಿಕವನ್ನು ಬೆರೆಸಿರುತ್ತಾರೆ. ಆದರೆ ಅದೂ ವರ್ಷ ಕಳೆದಂತೆ ಖರ್ಚಾಗುತ್ತದೆ. ತಂಪಾದ ಒಣ ಜಾಗದಲ್ಲಿಟ್ಟ ಮದ್ದು ಹಲವು ದಶಕ ಬಾಳಿದರೆ, ಬಿಸಿಲಿಗೆ ಕಾಯುವ ತಗಡಿನ ಸೂರಿನಡಿ ಇಟ್ಟದ್ದು ಬೇಗ ಕೆಡುತ್ತದೆ. ಬಿಚ್ಚಿದಾಗ ಮೂಗಿಗೆ ಅಡರುವ ಹುಳಿ ವಾಸನೆ, ಕಂದುಗೆಂಪು ಪುಡಿ ಕಂಡರೆ ಮದ್ದು ಕೆಟ್ಟಿದೆ ಎಂದರ್ಥ.

ಹಿತ್ತಾಳೆಗೂ ಮುಪ್ಪುಂಟು. ಇದನ್ನು ಲೋಕಕ್ಕೆ ಕಲಿಸಿದ್ದು ಭಾರತದ ಮಳೆಗಾಲ. ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಕಳೆದು ತೆಗೆದು ನೋಡಿದರೆ ಕವಚಗಳು ಬಿರುಕು ಬಿಟ್ಟಿರುತ್ತಿದ್ದವು. ಮಳೆಗಾಲದ ರೋಗವೆಂದೇ ತಿಳಿದು ಅದನ್ನು ‘ಋತುಬಿರುಕು’ ಎಂಬರ್ಥದ ಹೆಸರಿನಿಂದ ಕರೆದರು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗುವು, ಇವೆರಡೂ ಸೇರಿ ಬಿರುಕಾಗುತ್ತದೆಂದು 1921ರಲ್ಲಿ ವಿವರಿಸಲಾಯಿತು. ಮತ್ತೆ ಮತ್ತೆ ಹಾರಿಸಿ, ಮತ್ತೆ ಮತ್ತೆ ಒತ್ತಿದ ಕವಚದ ಕತ್ತು ಮೊದಲೇ ಪೆಡಸಾಗಿರುತ್ತದೆ.

ನೋಡಿ ತಿಳಿಯುವುದೆಷ್ಟು?

ಕತ್ತಿನಲ್ಲಿ ಬಿರುಕು, ಹಸಿರು ಕಿಲುಬು, ಬುಡದಿಂದ ಉಬ್ಬಿ ನಿಂತ ಕೇಪು, ಒಳಕ್ಕೆ ಸರಿದ ಗುಂಡು, ಬುಡದ ಸ್ವಲ್ಪ ಮೇಲೆ ಸುತ್ತಲೂ ಮಿನುಗುವ ಗೆರೆ, ಇವುಗಳಲ್ಲಿ ಒಂದು ಕಂಡರೂ ತೋಟಾ ತಿರಸ್ಕಾರಕ್ಕೆ ಯೋಗ್ಯ. ಇವೊಂದೂ ಇಲ್ಲದಿದ್ದರೆ ಸುರಕ್ಷಿತ ಎಂದು ಮಾತ್ರ ಹೇಳಲಾಗದು. ಹೊರಗಿನ ಹೊಳಪು ಒಳಗಿನ ಮದ್ದಿನ ಸುದ್ದಿ ಹೇಳುವುದಿಲ್ಲ. ಇಡೀ ತೋಟಾವನ್ನು ತೂಗಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಬೇರೆ ಬೇರೆ ಕಂಪನಿಗಳ ಕವಚಗಳ ತೂಕದಲ್ಲೇ ಹತ್ತು ಗ್ರೇನ್‌ಗೂ ಮಿಕ್ಕಿದ ವ್ಯತ್ಯಾಸವಿರಬಹುದಾದ್ದರಿಂದ ಮೂರು ನಾಲ್ಕು ಗ್ರೇನ್ ಹೆಚ್ಚಿನ ಮದ್ದು ಅದರಲ್ಲಿ ಮರೆಯಾಗುತ್ತದೆ. ಒಂದೆರಡನ್ನು ಹಾರಿಸಿ ನೋಡುವುದೂ ಪರೀಕ್ಷೆಯಲ್ಲ. ಕೈಯಿಂದ ತುಂಬಿದ್ದರಲ್ಲಿ ಮೂರನೆಯದು ಮೊದಲ ಎರಡರಂತೆಯೇ ಇರಬೇಕೆಂದಿಲ್ಲ.

ಹಾಗಾದರೆ ಮಾಡುವುದೇನು? ಅನುಭವಸ್ಥರ ಸಲಹೆ: ಬಿಚ್ಚುವುದು. ಇದಕ್ಕೆಂದೇ ಸುತ್ತಿಗೆಯಾಕಾರದ ಸಾಧನವಿದೆ. ತೋಟಾವನ್ನು ಅದರಲ್ಲಿ ಸಿಕ್ಕಿಸಿ ಕುಟ್ಟಿದರೆ ಗುಂಡು, ಮದ್ದು ಹೊರಬರುತ್ತವೆ. ಗುಂಡು ಮತ್ತು ಒಳ್ಳೆಯ ಕವಚ ಮರುಬಳಕೆಗೆ ಬರುತ್ತವೆ. ಹೆಸರು ಗೊತ್ತಿಲ್ಲದ ಮದ್ದನ್ನು ಮಾತ್ರ ಮತ್ತೆ ತುಂಬುವಂತಿಲ್ಲ. ಈ ಕೆಲಸ ತಿಳಿಯದವರು ಅಲ್ಲಿ ಕೋವಿ ರಿಪೇರಿಯವರನ್ನೋ ಪೊಲೀಸರನ್ನೋ ಕೇಳುತ್ತಾರೆ. ತೋಟಾಗಳನ್ನು ಕಸದ ತೊಟ್ಟಿಗೆ ಎಸೆಯುವುದು, ಬೆಂಕಿಗೆ ಹಾಕುವುದು ಸಲ್ಲದು. ಎಣ್ಣೆಯಲ್ಲಿ ನೆನೆಸಿದರೆ ಕೇಪು ಸಾಯುತ್ತದೆಂಬ ನಂಬಿಕೆಯೂ ಭರವಸೆಯದಲ್ಲ.

ಕೋವಿ ವಂಶಪಾರಂಪರ್ಯವಾಗಿ ಬರುವ ನಾಡು ನಮ್ಮಲ್ಲೂ ಇದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಉಳಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ದಾರಿ ಸ್ಪಷ್ಟವಾಗಿದೆ. ಪರವಾನಗಿದಾರ ತೀರಿಕೊಂಡ ಮೇಲೆ ಇಟ್ಟುಕೊಳ್ಳುವ ಹಕ್ಕಿಲ್ಲದ ಕೋವಿ, ತೋಟಾಗಳನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು. ಕಾನೂನು ಯಾವುದೇ ಇರಲಿ, ಪೆಟ್ಟಿಗೆಯ ತಳದಲ್ಲಿ ಉಳಿದ ಗುರುತಿಲ್ಲದ ತೋಟಾದ ಅಪಾಯ ಅಲ್ಲಿಗೂ ಇಲ್ಲಿಗೂ ಒಂದೇ.

ಅಜ್ಜನ ಕೈ ಎಷ್ಟೇ ಪಳಗಿದ್ದರೂ ತೋಟಾ ತುಂಬುವಾಗ ಅವನಿಗೆ ಗೊತ್ತಿದ್ದದ್ದು ಅವನೊಂದಿಗೇ ಹೋಗಿದೆ. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಗಿತ್ತೇ, ಮದ್ದು ಹಾಕುವಾಗ ಯಾರಾದರೂ ಕರೆದು ಗಮನ ತಪ್ಪಿತ್ತೇ ಎಂದು ಈಗ ಕೇಳುವಂತಿಲ್ಲ. ಅವನ ಚೀಟಿಗಳನ್ನೂ ರೈಫಲ್ಲನ್ನೂ ಜೋಪಾನ ಮಾಡಿ, ತೋಟಾಗಳನ್ನು ಬಿಚ್ಚಿಸಿದರೆ ಅದು ಅವನಿಗೆ ತೋರಿದ ಅಗೌರವವಲ್ಲ. ಕೋವಿ ಹಿಡಿಯಲು ಕಲಿಸುವಾಗ ಜಾಗ್ರತೆಯ ಪಾಠವನ್ನು ಮೊದಲು ಹೇಳಿದವನು ಅವನೇ.